ತರಗತಿಯಲ್ಲಿ ಕಂಪ್ಯೂಟರ್: ಯಾವ ಕೆಲಸಕ್ಕೆ, ಯಾರ ಕೈಗೆ?

ನಿಮ್ಮ ತರಗತಿಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ. "ಬಯಲಲ್ಲಿ ನೆಟ್ಟ ಕೋಲಿನ ನೆರಳು ದಿನದಲ್ಲಿ ಅತ್ಯಂತ ಚಿಕ್ಕದಾಗುವುದು ಎಷ್ಟು ಗಂಟೆಗೆ?" ಹೆಚ್ಚಿನ ಮಕ್ಕಳು "ಮಧ್ಯಾಹ್ನ ಹನ್ನೆರಡಕ್ಕೆ" ಎನ್ನುತ್ತಾರೆ. ನಮ್ಮಲ್ಲಿ ಕೆಲವು ಶಿಕ್ಷಕರೂ ಹಾಗೆಯೇ ಹೇಳುತ್ತೇವೆ. ಪರದೆಯ ಮೇಲೆ ತೋರಿಸುವ ಪಾಠಗಳಲ್ಲಿಯೂ ಗಡಿಯಾರದ ಎರಡು ಮುಳ್ಳುಗಳು ಹನ್ನೆರಡರ ಮೇಲೆ ಕೂಡಿದಾಗ ನೆರಳು ಕುಗ್ಗುವ ಚಿತ್ರ ಸಾಮಾನ್ಯ.

ಧಾರವಾಡದ ಒಂದು ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಅಳೆದರೆ ಸಿಗುವ ಉತ್ತರ ಬೇರೆ. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲಕ್ಕೆ. ಧಾರವಾಡ ಇರುವುದು ಸುಮಾರು 75 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಏಳೂವರೆ ಡಿಗ್ರಿಗೆ ಮೂವತ್ತು ನಿಮಿಷ. ಆದ್ದರಿಂದ ಇಲ್ಲಿ ನಿಜವಾದ ನಡುಹಗಲು ಸರಾಸರಿ ಹನ್ನೆರಡೂವರೆಗೆ. ಅದೂ ಸ್ಥಿರವಲ್ಲ: ನವೆಂಬರ್ ಮೊದಲ ವಾರದಲ್ಲಿ ಸುಮಾರು 12-14ಕ್ಕೆ, ಫೆಬ್ರವರಿ ನಡುವಿನಲ್ಲಿ ಸುಮಾರು 12-44ಕ್ಕೆ. ಇನ್ನೂ ಒಂದು ಸಂಗತಿ ಇದೆ. ಮೇ ತಿಂಗಳ ಮೊದಲ ದಿನಗಳಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಕರ್ಕಾಟಕ ವೃತ್ತದ ಆಚೆಯ ದೇಶಗಳಲ್ಲಿ ಹೀಗಾಗುವುದೇ ಇಲ್ಲ. ಅಲ್ಲಿ ತಯಾರಾದ ಪಾಠ ಇದನ್ನು ಹೇಳಲಾರದು.

ಹಾಗಾದರೆ ಕಂಪ್ಯೂಟರ್ ತಪ್ಪು ಹೇಳಿತೇ? ಹಾಗೇನೂ ಅಲ್ಲ. ಎಲ್ಲಿಯೋ ಒಂದು ಊರಿಗೆ ಸರಿಯಾದ ಮಾತನ್ನು ಅದು ಎಲ್ಲ ಊರಿಗೂ ಹೇಳಿತು. ಅದನ್ನು ನಮ್ಮ ಅಂಗಳಕ್ಕೆ ತಂದು ಪರೀಕ್ಷಿಸಬೇಕಾದವರು ನಾವು. ಶಾಲೆಗೆ ಕಂಪ್ಯೂಟರ್ ಬೇಕೇ ಬೇಡವೇ ಎಂಬ ಚರ್ಚೆ ಹಳೆಯದಾಯಿತು. ಅದು ಬಂದಾಗಿದೆ, ಇರುತ್ತದೆ. ಆದರೆ ಅದು ಯಾವ ಕೆಲಸಕ್ಕೆ, ಯಾರ ಕೈಗೆ ಎಂಬ ಪ್ರಶ್ನೆಗೆ ನಾಲ್ಕು ದಶಕಗಳಾದರೂ ನಾವು ನೆಟ್ಟಗೆ ಉತ್ತರ ಕೊಟ್ಟಿಲ್ಲ. ವಿದ್ಯಾಕಾಶಿ ಎಂದು ಕರೆಸಿಕೊಳ್ಳುವ ಊರಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಉಚಿತವೇ ಆಗಿದೆ.

ಕೋಣೆಗೆ ಬಂದ ಯಂತ್ರ

ಯಂತ್ರದ ಮೂಲಕ ಪಾಠ ಎಂಬುದು ನಮ್ಮ ನಾಡಿಗೆ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಅಂದಿನ ಬಿಜಾಪುರ, ರಾಯಚೂರು, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಮಕ್ಕಳು ಶಾಲೆಯಲ್ಲಿ ಕುಳಿತು ಟಿ.ವಿ. ಪಾಠ ನೋಡಿದರು. ಕಂಪ್ಯೂಟರಿನ ಸರದಿ ಬಂದದ್ದು 1984ರಲ್ಲಿ. ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ದೇಶದ ಆಯ್ದ ಪ್ರೌಢಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೊ ಎಂಬ ಪುಟ್ಟ ಗಣಕಯಂತ್ರಗಳನ್ನು ಕೊಡಲಾಯಿತು. 2001ರ ಸುಮಾರಿಗೆ ಕರ್ನಾಟಕ 'ಮಾಹಿತಿ ಸಿಂಧು' ಯೋಜನೆಯಡಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಒದಗಿಸಲು ಹೊರಟಿತು. 2004ರಲ್ಲಿ ಕೇಂದ್ರದ ಐ.ಸಿ.ಟಿ. ಯೋಜನೆ ಶುರುವಾಯಿತು. ಅದೇ ವರ್ಷದ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಬಂದವು.

ಈ ಯೋಜನೆಗಳನ್ನು ಹಾಸ್ಯ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ನವಲಗುಂದದ ಕರಿಮಣ್ಣಿನ ಹಳ್ಳಿಯ ಹುಡುಗಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ದಿನವೇ ಮೊದಲ ಸಲ ಮೌಸ್ ಮುಟ್ಟುವಂತಾಗಬಾರದು ಎಂಬ ಕಾಳಜಿ ಅವುಗಳ ಹಿಂದಿತ್ತು. ನಗರದ ಖಾಸಗಿ ಶಾಲೆಯ ಮಗುವಿಗೆ ಸಿಕ್ಕಿದ್ದು ಇಪ್ಪತ್ತು ಕಿಲೋಮೀಟರ್ ಆಚೆಯ ಸರ್ಕಾರಿ ಶಾಲೆಯ ಮಗುವಿಗೂ ಸಿಗಬೇಕು ಎಂಬುದರಲ್ಲಿ ತಪ್ಪೇನಿದೆ?

ತಪ್ಪಾದದ್ದು ವ್ಯವಸ್ಥೆ ಮಾಡಿದ ರೀತಿಯಲ್ಲಿ. ಯಂತ್ರಗಳನ್ನು ಒಂದು ಕೋಣೆಯಲ್ಲಿ ಇಡಲಾಯಿತು. ಅವುಗಳ ಪೂರೈಕೆ, ದುರಸ್ತಿ ಮತ್ತು ಬೋಧನೆಯನ್ನು ಅನೇಕ ಕಡೆ ಕೆಲವು ವರ್ಷಗಳ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಗಳಿಗೆ ಒಪ್ಪಿಸಲಾಯಿತು. ಕಂಪ್ಯೂಟರ್ ಕಲಿಸಲು ಹೊರಗಿನ ಬೋಧಕರು ಬಂದರು. ವಿಜ್ಞಾನದ ಶಿಕ್ಷಕರಿಗೂ ಆ ಕೋಣೆಗೂ ಸಂಬಂಧವೇ ಬೆಳೆಯಲಿಲ್ಲ. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯಂತ್ರಗಳು ಉಳಿದವು, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆ ಸೇರಿತು. ದಾಸ್ತಾನು ಪುಸ್ತಕದಲ್ಲಿ ನಮೂದಾದ ವಸ್ತು ಕೆಟ್ಟರೆ ಯಾರು ಹೊಣೆ ಎಂಬ ಹೆದರಿಕೆಯಿಂದಲೇ ಎಷ್ಟೋ ಕೋಣೆಗಳು ತೆರೆಯಲಿಲ್ಲ. ಈ ಸಾಲುಗಳನ್ನು ಓದುವಾಗ ನಿಮಗೆ ನಿಮ್ಮದೇ ಶಾಲೆಯ ನೆನಪಾದರೆ ಆಶ್ಚರ್ಯವಿಲ್ಲ.

ನೆರೆಯ ಕೇರಳ ಅದೇ 2001ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನ 'ಐ.ಟಿ. ಅಟ್ ಸ್ಕೂಲ್' ಯೋಜನೆ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿತು. ಮುಂದೆ ಯಾರೂ ನಕಲು ಮಾಡಿ ಹಂಚಬಹುದಾದ ಸ್ವತಂತ್ರ ತಂತ್ರಾಂಶವನ್ನು ಬಳಕೆಗೆ ತಂದಿತು. ಯಂತ್ರ ಹಳೆಯದಾದರೂ ಕಲಿತ ಶಿಕ್ಷಕ ಶಾಲೆಯಲ್ಲೇ ಉಳಿದ. ಕರ್ನಾಟಕದಲ್ಲಿ 2011ರ ಸುಮಾರಿಗೆ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯೂ, ಆಮೇಲೆ ಬಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವೂ ಇದೇ ದಿಕ್ಕಿನ ಪ್ರಯತ್ನಗಳು. ಗಣಿತದ ಶಿಕ್ಷಕರು ತಾವೇ ಜಿಯೋಜೀಬ್ರಾ ಬಳಸಿ ರೇಖಾಗಣಿತದ ಪಾಠ ಕಟ್ಟುವುದನ್ನು ಕಲಿತದ್ದು ಇಂಥ ವೇದಿಕೆಗಳಲ್ಲಿ. ಒಳ್ಳೆಯ ಆರಂಭ, ಆದರೆ ತಡವಾಗಿ ಬಂದ ಆರಂಭ.

ಯಂತ್ರಕ್ಕಿಂತ ಮೊದಲು ಸತ್ತ ಪಾಠಗಳು

ಇನ್ನೊಂದು ನಷ್ಟವನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. 2000ದ ದಶಕದಲ್ಲಿ ತಯಾರಾದ ಎಷ್ಟೋ ಚಲನಚಿತ್ರ ಪಾಠಗಳು ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿದ್ದವು. 2020ರ ಡಿಸೆಂಬರ್ ಕೊನೆಗೆ ಅದನ್ನು ತಯಾರಿಸಿದ ಸಂಸ್ಥೆಯೇ ಅದಕ್ಕೆ ಬೆಂಬಲ ನಿಲ್ಲಿಸಿತು. ಆ ಪಾಠಗಳು ಇಂದಿನ ಯಂತ್ರದಲ್ಲಿ ಸುಮ್ಮನೆ ತೆರೆಯುವುದಿಲ್ಲ. ಕನ್ನಡದ ಕಷ್ಟ ಇನ್ನೂ ಹಿಂದಿನದು. ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಶಿಕ್ಷಕರು ಶ್ರಮಪಟ್ಟು ಬೆರಳಚ್ಚಿಸಿದ ಪ್ರಶ್ನೆಪತ್ರಿಕೆ, ಟಿಪ್ಪಣಿ, ಪಾಠಗಳೆಲ್ಲ ಅಂದಿನ ನುಡಿ, ಬರಹ ಅಕ್ಷರಶೈಲಿಗಳ ಸಂಕೇತದಲ್ಲಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಪರಿವರ್ತಕ ತಂತ್ರಾಂಶಗಳಿವೆ ನಿಜ. ಆದರೆ ಹಳೆಯ ಕಡತಗಳನ್ನು ಹುಡುಕಿ ಪರಿವರ್ತಿಸುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಐವತ್ತು ವರ್ಷ ಹಳೆಯ ಪಠ್ಯಪುಸ್ತಕವನ್ನು ಇಂದೂ ಓದಬಹುದು. ಹದಿನೈದು ವರ್ಷದ ಹಿಂದಿನ ಗಣಕ ಪಾಠವನ್ನು ತೆರೆಯುವುದೇ ಕಷ್ಟ. ಮುಂದೆ ಯಾರಾದರೂ ನಿಮಗೆ ಸಿದ್ಧಪಾಠಗಳ ಪೆಟ್ಟಿಗೆಯನ್ನು ಮಾರಲು ಬಂದಾಗ "ಇದು ಹತ್ತು ವರ್ಷದ ಮೇಲೂ ತೆರೆಯುತ್ತದೆಯೇ? ಇದನ್ನು ನಾನು ತಿದ್ದಬಹುದೇ?" ಎಂದು ಕೇಳಲು ಮರೆಯಬೇಡಿ.

ಅಧ್ಯಯನಗಳು ಹೇಳುವುದೇನು?

ಕಂಪ್ಯೂಟರಿನಿಂದ ಕಲಿಕೆ ಹೆಚ್ಚುತ್ತದೆಯೇ? ಇದನ್ನು ಅಭಿಪ್ರಾಯದ ಮಾತಾಗಿ ಬಿಡಬೇಕಿಲ್ಲ. ಅಳೆದು ನೋಡಿದವರಿದ್ದಾರೆ.

ಗುಜರಾತಿನ ವಡೋದರದಲ್ಲಿ 2002ರಿಂದ 2004ರವರೆಗೆ ನಗರಪಾಲಿಕೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಶಾಲೆಗಳಿಗೆ ಸರ್ಕಾರ ಮೊದಲೇ ಕಂಪ್ಯೂಟರ್ ಕೊಟ್ಟಿತ್ತು, ಆದರೆ ಬಳಕೆ ತೀರ ಕಡಿಮೆ ಇತ್ತು. ನಾಲ್ಕನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಒಂದು ಯಂತ್ರದ ಮುಂದೆ ವಾರಕ್ಕೆ ಎರಡು ಗಂಟೆ ಕುಳಿತು ಗಣಿತದ ಆಟಗಳನ್ನು ಆಡಿದರು. ಗಣಿತದ ಅಂಕಗಳು ಗಣನೀಯವಾಗಿ ಏರಿದವು. ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಆ ಲಾಭದ ಬಹುಪಾಲು ಕರಗಿತ್ತು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು.

ಗುಜರಾತಿನಲ್ಲೇ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ ನಮ್ಮನ್ನು ಎಚ್ಚರಿಸುವಂಥದು. ಒಳ್ಳೆಯ ಬೋಧನೆ ನಡೆಯುತ್ತಿದ್ದ ಶಾಲೆಗಳಲ್ಲಿ ಶಿಕ್ಷಕರ ಪಾಠದ ಸಮಯವನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳ ಕಲಿಕೆ ಕುಸಿಯಿತು. ಅದೇ ತಂತ್ರಾಂಶವನ್ನು ಶಾಲೆಯ ಸಮಯದ ಹೊರಗೆ, ಪಾಠಕ್ಕೆ ಪೂರಕವಾಗಿ ಕೊಟ್ಟಾಗ ಮಕ್ಕಳಿಗೆ ಉಪಯೋಗವಾಯಿತು. ಯಂತ್ರ ಒಂದೇ, ತಂತ್ರಾಂಶ ಒಂದೇ, ಅದು ಯಾರ ಜಾಗದಲ್ಲಿ ಕೂತಿತು ಎಂಬುದರ ಮೇಲೆ ಫಲ ಬದಲಾಯಿತು.

ಪೆರು ದೇಶದ ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಲಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದಂತೆ ಭಾಷೆ ಮತ್ತು ಗಣಿತದ ಅಂಕಗಳಲ್ಲಿ ಬದಲಾವಣೆ ಕಾಣಲಿಲ್ಲ. ದೆಹಲಿಯಲ್ಲಿ 2015ರಲ್ಲಿ ಶಾಲೆ ಬಿಟ್ಟ ಮೇಲೆ ನಡೆಸಿದ ಕಲಿಕಾ ಕೇಂದ್ರಗಳಲ್ಲಿ ಮಾತ್ರ ಫಲಿತಾಂಶ ಚೆನ್ನಾಗಿತ್ತು. ಅಲ್ಲಿನ ತಂತ್ರಾಂಶ ಪ್ರತಿ ಮಗು ಈಗ ಯಾವ ಮಟ್ಟದಲ್ಲಿದೆ ಎಂದು ಪರೀಕ್ಷಿಸಿ, ಅಲ್ಲಿಂದ ಲೆಕ್ಕ ಕೊಡುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳುವವರೂ ಇದ್ದರು. ಎಂಟನೇ ತರಗತಿಯಲ್ಲಿ ಕೂತಿರುವ, ಭಾಗಾಕಾರ ಬಾರದ ಮಗುವಿಗೆ ಮೊದಲು ಭಾಗಾಕಾರ. ಅರವತ್ತು ಮಕ್ಕಳ ತರಗತಿಯಲ್ಲಿ ನಾವು ಮಾಡಬೇಕೆಂದೂ ಮಾಡಲಾಗದ ಕೆಲಸ ಇದು. ಯಂತ್ರ ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ.

ನಮ್ಮ ರಾಜ್ಯದ್ದೇ ಅನುಭವವೂ ಇದೆ. 2000ದ ದಶಕದ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಗಣಕಾಧಾರಿತ ಕಲಿಕೆಯನ್ನು ದೊಡ್ಡದಾಗಿ ಕೈಗೊಂಡಿತು. ಕನ್ನಡದಲ್ಲಿ ಆಕರ್ಷಕ ಸಿ.ಡಿ.ಗಳನ್ನು ತಯಾರಿಸಿತು. ಆಮೇಲೆ ಆ ಕೆಲಸದಿಂದ ಹಿಂದೆ ಸರಿಯಿತು. 2010ರ ಡಿಸೆಂಬರಿನಲ್ಲಿ ಅದರ ಹಿರಿಯರಾದ ಅನುರಾಗ್ ಬೆಹರ್ ಪತ್ರಿಕೆಯೊಂದರಲ್ಲಿ, ತಂತ್ರಜ್ಞಾನದ ಮೋಹ ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ಗಮನ ಬೇರೆಡೆಗೆ ಸೆಳೆಯುತ್ತದೆ ಎಂಬ ಅರ್ಥದಲ್ಲಿ ಬರೆದರು. ತಾವೇ ಹಣ, ಶ್ರಮ ಹಾಕಿ ನಡೆಸಿದ ಪ್ರಯೋಗದ ಮಿತಿಯನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು ಅಪರೂಪ. ವಿಜ್ಞಾನದ ಮನೋಧರ್ಮ ಎಂದರೆ ಇದೇ.

ಎಲ್ಲವನ್ನೂ ಕೂಡಿಸಿ ಓದಿದರೆ ಒಂದು ಮಾತು ಉಳಿಯುತ್ತದೆ: ಕಂಪ್ಯೂಟರ್ ಶಿಕ್ಷಕನ ಕೈಯಲ್ಲಿ ಹತಾರವಾದಾಗ ಫಲ ಕೊಡುತ್ತದೆ, ಶಿಕ್ಷಕನ ಕುರ್ಚಿಯಲ್ಲಿ ಕೂತಾಗ ಕೊಡುವುದಿಲ್ಲ.

ಸೀದಾ ಗೆರೆ ಮತ್ತು ಬಾಗಿದ ಗೆರೆ

ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದೆ. ಈಗ ನನ್ನದೊಂದು ತಪ್ಪು ಹೇಳಬೇಕು.

ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಹೇಳುತ್ತಿದ್ದ ದಿನಗಳಲ್ಲಿ ಒಮ್ಮೆ ಓಮ್‌ನ ನಿಯಮವನ್ನು ಪರದೆಯ ಮೇಲೆ ತೋರಿಸಿದೆ. ವಿಭವಾಂತರ ಹೆಚ್ಚಿಸಿದಂತೆ ವಿದ್ಯುತ್ ಪ್ರವಾಹ ಹೆಚ್ಚುತ್ತದೆ, ಚುಕ್ಕೆಗಳೆಲ್ಲ ಒಂದೇ ಸರಳರೇಖೆಯ ಮೇಲೆ ಬಂದು ಕೂರುತ್ತವೆ. ಮಕ್ಕಳಿಗೆ ಖುಷಿ, ನನಗೂ ಖುಷಿ. ಇಪ್ಪತ್ತು ನಿಮಿಷದಲ್ಲಿ ಪಾಠ ಮುಗಿಯಿತು. ಮರುದಿನ ಕೆಲವು ಮಕ್ಕಳು ಪ್ರಯೋಗಾಲಯದ ಮೀಟರುಗಳನ್ನು ಕೇಳಿ ಪಡೆದು, ಹಳೆಯ ಟಾರ್ಚಿನ ಬಲ್ಬು, ಸೆಲ್ಲು ಜೋಡಿಸಿ ತಾವೇ ಅಳೆದರು. ಒಬ್ಬಳು ಹುಡುಗಿ ನಕ್ಷೆಯ ಹಾಳೆ ಹಿಡಿದು ಬಂದಳು. "ಸರ್ರ, ಬಲ್ಬಿಂದು ಗೆರಿ ಸೀದಾ ಬರವಲ್ದ್ರಿ, ಬಾಗಾಕತ್ತೈತಿ." ನಾನು ಹಾಳೆ ನೋಡಿದೆ. "ಮೀಟರ್ ಕೆಟ್ಟಿರಬೇಕವಾ, ನಿನ್ನೆ ಪರದಿ ಮ್ಯಾಲೆ ನೋಡಿದ್ದನ್ನ ಬರಕೋ" ಎಂದೆ. ಅವಳು ಬಾಗಿದ ಗೆರೆಯನ್ನು ಅಳಿಸಿ ಸೀದಾ ಗೆರೆ ಎಳೆದಳು.

ಮೀಟರ್ ಕೆಟ್ಟಿರಲಿಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತು ಕಾದಂತೆ ಅದರ ರೋಧ ಹೆಚ್ಚುತ್ತದೆ. ತಣ್ಣಗಿದ್ದಾಗಿನ ರೋಧ, ಪೂರ್ತಿ ಬೆಳಗುವಾಗಿನ ರೋಧದ ಸುಮಾರು ಹತ್ತನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ವಿಭವಾಂತರ ಏರಿದಂತೆ ಪ್ರವಾಹ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಗೆರೆ ಬಾಗಲೇಬೇಕು. ಓಮ್‌ನ ನಿಯಮ ತಾಪ ಬದಲಾಗದಿದ್ದಾಗ ಮಾತ್ರ ಅನ್ವಯಿಸುತ್ತದೆ ಎಂದು ಪುಸ್ತಕದಲ್ಲಿ ಒಂದು ಸಾಲು ಇರುತ್ತದಲ್ಲ, ಆ ಸಾಲಿಗೆ ಜೀವ ಬರುವ ಕ್ಷಣ ಅದಾಗಿತ್ತು. ಹುಡುಗಿ ಅದನ್ನು ಕಂಡುಹಿಡಿದಿದ್ದಳು. ಪರದೆಯ ಸರಳರೇಖೆಯನ್ನು ನಂಬಿ ನಾನು ಅದನ್ನು ಅಳಿಸಿಹಾಕಿಸಿದೆ. ಗೆರೆ ಅಳಿಸಿದ್ದು ದೊಡ್ಡದಲ್ಲ. ಕಣ್ಣಾರೆ ಕಂಡದ್ದಕ್ಕಿಂತ ಪರದೆಯೇ ನಿಜ ಎಂಬ ಪಾಠವನ್ನು ವಿಜ್ಞಾನದ ಮಾಸ್ತರನೇ ಕಲಿಸಿದನಲ್ಲ, ಅದು ಇಂದಿಗೂ ಚುಚ್ಚುತ್ತದೆ.

ಅನುಕರಣ ಪ್ರಯೋಗಗಳು ಎಷ್ಟೇ ಚೆನ್ನಾಗಿರಲಿ, ಅವುಗಳಲ್ಲಿ ಇರುವುದು ತಯಾರಿಸಿದವರು ಹಾಕಿದ ಸಮೀಕರಣ ಮಾತ್ರ. ಅದರಾಚೆಗೆ ಅಲ್ಲಿ ಏನೂ ಘಟಿಸದು. ನಿಜವಾದ ಪ್ರಯೋಗದಲ್ಲಿ ತಂತಿ ಬಿಸಿಯಾಗುತ್ತದೆ, ಸಂಪರ್ಕ ಸಡಿಲವಾಗುತ್ತದೆ, ಅಳತೆ ಒಂದೊಂದು ಸಲ ಒಂದೊಂದು ಬರುತ್ತದೆ. ಏಕೆ ಹೀಗೆ ಎಂದು ಹುಡುಕುವುದರಲ್ಲೇ ವಿಜ್ಞಾನವಿದೆ. ಹಾಗೆಂದು ಅನುಕರಣ ಬೇಡ ಎನ್ನುತ್ತಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಮಾದರಿಗಳು ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. ತಂತಿಯೊಳಗೆ ಎಲೆಕ್ಟ್ರಾನುಗಳ ಚಲನೆ, ಅನಿಲದ ಅಣುಗಳ ಡಿಕ್ಕಿ ಇವನ್ನು ಕಣ್ಣಿಗೆ ತೋರಿಸಲು ಬೇರೆ ದಾರಿಯಿಲ್ಲ. ನಿಯಮ ಒಂದೇ: ಕೈಯಿಂದ ಮಾಡಬಹುದಾದುದನ್ನು ಮೊದಲು ಕೈಯಿಂದ ಮಾಡಿಸಿ, ಪರದೆ ಆಮೇಲೆ ಬರಲಿ. ಆಗ "ಪರದೆಯಲ್ಲಿ ಸೀದಾ ಬಂತು, ನಮ್ಮದು ಏಕೆ ಬಾಗಿತು?" ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಕಂಪ್ಯೂಟರ್ ಆಗ ಉತ್ತರ ಕೊಡುವ ಬದಲು ಪ್ರಶ್ನೆ ಎಬ್ಬಿಸುತ್ತದೆ.

ಅಂಗಳದಿಂದ ಪರದೆಗೆ

ಮತ್ತೆ ನೆರಳಿಗೆ ಬರೋಣ. ಕಂಪ್ಯೂಟರಿನ ಸರಿಯಾದ ಉಪಯೋಗಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ನನಗೆ ಗೊತ್ತಿಲ್ಲ.

ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟರೆ ನೆಟ್ಟಗಿದೆಯೇ ಎಂದು ತಿಳಿಯುತ್ತದೆ. ವಾರಕ್ಕೊಂದು ದಿನ, ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿ ಉದ್ದ ಅಳೆಯಿರಿ. ಅತ್ಯಂತ ಚಿಕ್ಕ ನೆರಳು ಎಷ್ಟು ಗಂಟೆಗೆ, ಎಷ್ಟು ಉದ್ದ, ಯಾವ ದಿಕ್ಕಿಗೆ ಎಂದು ಬರೆದಿಡಿ. ಧಾರವಾಡದಲ್ಲಿ ಸೆಪ್ಟೆಂಬರ್ 23ರ ಸುಮಾರಿಗೆ ಅದು ಉತ್ತರಕ್ಕೆ ಸುಮಾರು 28 ಸೆಂ.ಮೀ. ಇರುತ್ತದೆ. ಡಿಸೆಂಬರ್ 22ರ ಹೊತ್ತಿಗೆ 81 ಸೆಂ.ಮೀ.ವರೆಗೆ ಬೆಳೆಯುತ್ತದೆ. ಜೂನ್ 21ರಂದು ಮೋಡ ಸರಿದರೆ ದಕ್ಷಿಣಕ್ಕೆ 14 ಸೆಂ.ಮೀ. ಕಾಣುತ್ತದೆ.

ಈಗ ಕಂಪ್ಯೂಟರ್ ಕೋಣೆಯ ಬೀಗ ತೆಗೆಯಿರಿ. ಇಡೀ ವರ್ಷದ ಅಳತೆಗಳನ್ನು ಮಕ್ಕಳೇ ಲೆಕ್ಕಹಾಳೆಯಲ್ಲಿ ತುಂಬಲಿ, ನಕ್ಷೆ ಎಳೆಯಲಿ. ನೆರಳು ವರ್ಷವಿಡೀ ಹಿಗ್ಗಿ ಕುಗ್ಗುವ ಅಲೆ ಪರದೆಯ ಮೇಲೆ ಮೂಡುತ್ತದೆ. ನಡುಹಗಲಿನ ವೇಳೆ ಹಿಂದೆ ಮುಂದೆ ಸರಿಯುವುದೂ ಕಾಣುತ್ತದೆ. ಕೈಯಿಂದ ಇಂಥ ಹತ್ತಾರು ನಕ್ಷೆ ಎಳೆಯುತ್ತಾ ಕೂತರೆ ಮಕ್ಕಳು ಬೇಸತ್ತು ಹೋಗುತ್ತಾರೆ. ಯಂತ್ರ ಬೇಸರವಿಲ್ಲದೆ ಎಳೆಯುತ್ತದೆ. ಅಳೆದವರು ಮಕ್ಕಳು, ಲೆಕ್ಕ ಹಾಕಿದ್ದು ಯಂತ್ರ, ಅರ್ಥ ಹೇಳಬೇಕಾದವರು ಮತ್ತೆ ಮಕ್ಕಳು.

ನೆತ್ತಿಯ ಮೇಲೆ ಸೂರ್ಯ ಬಂದು ನೆರಳೇ ಇಲ್ಲದಾಗುವ ದಿನ ಧಾರವಾಡಕ್ಕೆ ವರ್ಷದಲ್ಲಿ ಎರಡು. ಮೇ ಮೊದಲ ದಿನಗಳಲ್ಲಿ ಒಂದು, ಆಗಸ್ಟ್ 10-11ರ ಆಸುಪಾಸಿನಲ್ಲಿ ಇನ್ನೊಂದು. ಮೊದಲನೆಯದು ಬೇಸಿಗೆ ರಜೆಯಲ್ಲಿ ಬರುತ್ತದೆ, ಎರಡನೆಯದು ಜಿಟಿಜಿಟಿ ಮಳೆಯಲ್ಲಿ. ಇಲ್ಲಿ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ನೆರವಿಗೆ ಬರುತ್ತದೆ. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಮೋಡದ ಹಿಂದಿನ ಸೂರ್ಯ ಎಲ್ಲಿದ್ದಾನೆಂದು ಪರದೆಯಲ್ಲಿ ತೋರಿಸುತ್ತದೆ. ವರ್ಷವಿಡೀ ನೆರಳು ಅಳೆದ ಮಗು ಆ ಚಿತ್ರವನ್ನು ನೋಡುವ ಬಗೆಯೇ ಬೇರೆ. ಅದು ತನ್ನ ಅಳತೆಯೊಂದಿಗೆ ತಾಳೆ ನೋಡುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬೀದರಿನ ಒಂದು ಶಾಲೆ, ಮೈಸೂರಿನ ಒಂದು ಶಾಲೆಯೊಂದಿಗೆ ಅಂತರಜಾಲದ ಮೂಲಕ ಗೆಳೆತನ ಬೆಳೆಸಿ. ಮೂರೂ ಕಡೆ ಒಂದೇ ದಿನ, ಆಯಾ ಊರಿನ ನಡುಹಗಲಿನ ನೆರಳನ್ನು ಅಳೆಯಿರಿ. ಸೆಪ್ಟೆಂಬರ್ 23ರಂದು ಮೈಸೂರಿನಲ್ಲಿ ಸುಮಾರು 22 ಸೆಂ.ಮೀ., ಬೀದರಿನಲ್ಲಿ ಸುಮಾರು 32 ಸೆಂ.ಮೀ. ಬರಬೇಕು. ನೆರಳಿನಿಂದ ಸೂರ್ಯನ ಕೋನ ತಿಳಿಯುತ್ತದೆ. ಬೀದರ್ ಮತ್ತು ಮೈಸೂರಿನ ಕೋನಗಳ ವ್ಯತ್ಯಾಸ ಸುಮಾರು 5.6 ಡಿಗ್ರಿ, ಉತ್ತರ-ದಕ್ಷಿಣವಾಗಿ ನಕ್ಷೆಯಲ್ಲಿ ಅಳೆದ ಅಂತರ ಸುಮಾರು 620 ಕಿ.ಮೀ. ಇಷ್ಟರಿಂದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂದು ಮಕ್ಕಳೇ ಲೆಕ್ಕ ಹಾಕಬಹುದು. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸ್ ಮಾಡಿದ ಲೆಕ್ಕ ಇದು. ಮಳೆ ಬಂದು ಆ ದಿನ ತಪ್ಪಿದರೆ ಚಿಂತೆಯಿಲ್ಲ. ಎಲ್ಲರೂ ಒಂದೇ ದಿನ ಅಳೆದರೆ ಸಾಕು, ಕೋನಗಳ ವ್ಯತ್ಯಾಸ ಬದಲಾಗದು.

ಉತ್ತರ 40,000 ಬರದಿದ್ದರೆ? ಆಗಲೇ ಪಾಠ ಶುರು. ಒಂದು ಕಡೆ ನೆರಳಿನ ಅಳತೆ ಒಂದು ಸೆಂಟಿಮೀಟರ್ ತಪ್ಪಿದರೆ ಕೋನದಲ್ಲಿ ಸುಮಾರು ಅರ್ಧ ಡಿಗ್ರಿ ತಪ್ಪುತ್ತದೆ, ಸುತ್ತಳತೆಯಲ್ಲಿ ಮೂರೂವರೆ-ನಾಲ್ಕು ಸಾವಿರ ಕಿ.ಮೀ. ವ್ಯತ್ಯಾಸ ಬರುತ್ತದೆ. ನೆರಳಿನ ಮಸುಕಾದ ತುದಿಯನ್ನು ಎಲ್ಲಿ ಗುರುತಿಸಬೇಕು, ಕೋಲು ವಾಲಿತ್ತೇ ಎಂಬ ಚರ್ಚೆ ಮೂರು ಊರುಗಳ ಮಕ್ಕಳ ನಡುವೆ ನಡೆಯಲಿ. ಇಂಥ ಚರ್ಚೆಯನ್ನು ಸಾಧ್ಯವಾಗಿಸುವುದೇ ಅಂತರಜಾಲದ ದೊಡ್ಡ ಉಪಕಾರ.

ಆಕ್ಷೇಪಗಳು

"ನಲವತ್ತು ನಿಮಿಷದ ಅವಧಿ, ಎಸ್.ಎಸ್.ಎಲ್.ಸಿ. ಫಲಿತಾಂಶದ ಒತ್ತಡ, ಇದಕ್ಕೆಲ್ಲ ಹೊತ್ತೆಲ್ಲಿ?" ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ನೆರಳಿನ ಅಳತೆಗೆ ವಾರಕ್ಕೆ ಮಧ್ಯಾಹ್ನದ ಬಿಡುವಿನ ಒಂದು ಹೊತ್ತು ಸಾಕು, ನಾಲ್ಕು ಮಕ್ಕಳ ತಂಡ ಸಾಕು. ತಂಡ ಪ್ರತಿ ವಾರ ಬದಲಾಗಲಿ. ತ್ರಿಕೋನಮಿತಿ, ಭೂಗೋಳ, ನಕ್ಷೆ ಈ ಮೂರೂ ಪಠ್ಯದಲ್ಲಿ ಇರುವವೇ.

"ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕೋಲು ನೆಡುವುದೇ?" ಎಂಬುದು ಇನ್ನೊಂದು ಆಕ್ಷೇಪ. ಈಗ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಸರಾಗವಾಗಿ ಉತ್ತರ ಬರೆದುಕೊಡುವ ತಂತ್ರಾಂಶಗಳಿವೆ. ಕನ್ನಡ ಮಾಧ್ಯಮದ ಮಗುವಿಗೆ ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಆದರೆ ಅವು ತಪ್ಪನ್ನೂ ಅಷ್ಟೇ ಸರಾಗವಾಗಿ ಹೇಳಬಲ್ಲವು. ಅದು ಸರಿಯೇ ತಪ್ಪೇ ಎಂದು ತೂಗಲು ಮಗುವಿಗೆ ತನ್ನದೇ ಒಂದು ಅಳತೆಗೋಲು ಬೇಕಲ್ಲವೇ? ತಾನೇ ಅಳೆದು ನೋಡಿದ ಅನುಭವವೇ ಆ ಅಳತೆಗೋಲು. ಉತ್ತರ ಅಗ್ಗವಾದಷ್ಟೂ ಪರೀಕ್ಷಿಸುವ ಅಭ್ಯಾಸ ತುಟ್ಟಿಯಾಗುತ್ತದೆ.

ಕೋವಿಡ್ ಕಾಲ ನಮಗೆ ಇದನ್ನೇ ತೋರಿಸಿತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಮೊಬೈಲಿನಲ್ಲಿ ತರಗತಿಗಳು ನಡೆದವು. ಅದರ ಜೊತೆಗೆ 'ವಿದ್ಯಾಗಮ' ಕಾರ್ಯಕ್ರಮದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಮರದಡಿ, ಗುಡಿಯ ಕಟ್ಟೆಯ ಮೇಲೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಪರದೆ ಪಾಠವನ್ನು ಮನೆಗೆ ತಲುಪಿಸಿತು. ತಲುಪಿದ ಪಾಠ ಮಗುವಿಗೆ ತಿಳಿಯಿತೇ ಎಂದು ಕೇಳಲು ಎದುರಿಗೆ ಒಬ್ಬ ಮನುಷ್ಯ ಬೇಕಾಯಿತು.

ಐದು ಪ್ರಶ್ನೆಗಳು

ಕಂಪ್ಯೂಟರ್ ಬಳಸಿ ಪಾಠ ಮಾಡುವ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವು:

1. ಇದನ್ನು ಕೈಯಿಂದ, ಕಣ್ಣಿನಿಂದ ಮಾಡಿ ನೋಡಲು ಸಾಧ್ಯವೇ? ಸಾಧ್ಯವಿದ್ದರೆ ಅದು ಮೊದಲಾಯಿತೇ?

2. ಪರದೆಯ ಮುಂದೆ ಮಕ್ಕಳು ಏನು ಮಾಡುತ್ತಾರೆ? ಬರಿದೆ ನೋಡುತ್ತಾರೆಯೇ, ಏನನ್ನಾದರೂ ಬದಲಿಸಿ ಪರಿಣಾಮ ಊಹಿಸುತ್ತಾರೆಯೇ?

3. ಮೌಸ್ ಯಾರ ಕೈಯಲ್ಲಿದೆ? ಹಿಂದಿನ ಬೆಂಚಿನ ಮಗುವಿನ ಸರದಿ ಯಾವಾಗ?

4. ಪಾಠದ ಭಾಷೆ, ಉದಾಹರಣೆ ನಮ್ಮ ಊರಿಗೆ ಒಗ್ಗುತ್ತದೆಯೇ? ಒಗ್ಗದಿದ್ದರೆ ನಾನು ಅದನ್ನು ತಿದ್ದಬಲ್ಲೆನೇ?

5. ಕರೆಂಟು ಹೋದರೆ ಪಾಠ ಮುಂದುವರಿಯುತ್ತದೆಯೇ?

ಐದನೆಯದು ಹಾಸ್ಯಕ್ಕೆ ಬರೆದದ್ದಲ್ಲ. ಕರೆಂಟು ಹೋದೊಡನೆ ನಿಂತುಬಿಡುವ ಪಾಠ ಶಿಕ್ಷಕರ ಪಾಠವಾಗಿರಲೇ ಇಲ್ಲ ಎಂದರ್ಥ.

ಧಾರವಾಡ-ಹುಬ್ಬಳ್ಳಿಗೆ ಸಂಪನ್ಮೂಲದ ಕೊರತೆಯಿಲ್ಲ. ಕರ್ನಾಟಕ ವಿಶ್ವವಿದ್ಯಾಲಯವಿದೆ, ಅದರ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಕೃಷಿ ವಿಶ್ವವಿದ್ಯಾಲಯವಿದೆ. 2016ರಿಂದ ಐ.ಐ.ಟಿ. ಇದೆ. ಶಿಕ್ಷಕರ ತರಬೇತಿಗೆ ಹೆಸರಾದ ಹಳೆಯ ಪರಂಪರೆಯಿದೆ. ಇವುಗಳ ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ವಿಜ್ಞಾನದ ಶಿಕ್ಷಕರ ಜೊತೆ ಕುಳಿತು ಹಳೆಯ ಯಂತ್ರಗಳಿಗೆ ಉಚಿತ ತಂತ್ರಾಂಶ ಹಾಕಿಕೊಟ್ಟರೆ, ಹಳೆಯ ಕನ್ನಡ ಕಡತಗಳನ್ನು ಯುನಿಕೋಡಿಗೆ ತಂದುಕೊಟ್ಟರೆ, ಹೊಸ ಯೋಜನೆಗೆ ಕಾಯಬೇಕಿಲ್ಲ.

ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನು ವಿಜ್ಞಾನ, ಗಣಿತದ ಶಿಕ್ಷಕರ ಕೈಗೆ ಕೊಡಿ. ಒಂದೆರಡು ಯಂತ್ರ ಕೆಟ್ಟರೂ ಚಿಂತೆಯಿಲ್ಲ, ಬಳಸಿ ಕೆಟ್ಟದ್ದು ಇಟ್ಟು ಕೊಳೆತದ್ದಕ್ಕಿಂತ ಮೇಲು. ಮತ್ತು ಮುಂದಿನ ಸಲ ಯಾವ ಹುಡುಗಿಯಾದರೂ ಬಾಗಿದ ಗೆರೆಯ ಹಾಳೆ ಹಿಡಿದು ನಿಮ್ಮ ಮುಂದೆ ನಿಂತಾಗ, ಪರದೆಯ ಕಡೆಗೆ ನೋಡುವ ಮೊದಲು ಅವಳ ಹಾಳೆಯನ್ನು ಒಮ್ಮೆ ನೋಡಿ.